ಹಳೇ ಕಾಲೊನಿಯಲ್ಲಿ ಒಂದೇ ನಮೂನೆಯ ಮನೆಗಳಿರಬೇಕೆಂದು ನಿಯಮ ಕೇಳಬಹುದೇ?

ಕಾಸರಗೋಡಿನ ನಿಮ್ಮ ಹಳೇ ಕಾಲೊನಿಗೆ ಕ್ವಾರ್ಟರ್ಸು (ಹಲವು ಕುಟುಂಬಗಳ ಬಾಡಿಗೆ ಕಟ್ಟಡ), ಫ್ಲ್ಯಾಟು ನುಗ್ಗುತ್ತಿವೆ, ಒಂಟಿ ಮನೆಗಳಿಗೆ ಮಾತ್ರ ಅನುಮತಿ ಕೊಡಿ ಎಂದು ಅರ್ಜಿ ಹಾಕೋಣವೇ ಎಂದು ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ಅಂಥ ಒಂದು ಕ್ವಾರ್ಟರ್ಸ್ ಕಟ್ಟಿಸಿದವನು ನಾನು.

ವಿದ್ಯಾನಗರದ ಆಚೆ ನಮ್ಮ ಅಪ್ಪನ 18 ಸೆಂಟ್ಸು. 1984ರಲ್ಲಿ ಜಿಲ್ಲೆಯಾಗಿ ಕಚೇರಿಗಳು ವಿದ್ಯಾನಗರಕ್ಕೆ ಬಂದ ಮೇಲೆ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಹಂಚಿನ ಮನೆಗಳ ನಡುವೆ ಗಲ್ಫಿನ ದುಡ್ಡಿನ ತಾರಸಿ ಮನೆಗಳು, ನೌಕರರಿಗೆಂದು ಬಾಡಿಗೆ ಮನೆಗಳು ಎದ್ದವು. ನಾನೂ ಹಿತ್ತಿಲಲ್ಲಿ ನಾಲ್ಕು ಕುಟುಂಬಕ್ಕಾಗುವಷ್ಟು ಕಟ್ಟಿಸಿದೆ. ನೆರೆಯವರು ನಿಮ್ಮ ಹಾಗೇ ತಕರಾರು ಎತ್ತಿದರು: ಬಾಡಿಗೆಯವರು ಬಂದರೆ ವಠಾರ ಕೆಡುತ್ತದೆ ಎಂದು. ಬಾಡಿಗೆಯವರಿಂದ ಏನೂ ಕೆಡಲಿಲ್ಲ. ಕೆಡಿಸಿದ್ದು ನಾನು.

ಶೌಚದ ಇಂಗುಗುಂಡಿ ಎಲ್ಲಿ ಬರಬೇಕೆಂದು ಗುರುತು ಹಾಕುವಾಗ ಎಂಜಿನಿಯರು "ಬಾವಿ ಎಲ್ಲಿದೆ?" ಎಂದು ಕೇಳಿದರು. ಅಂಗಳದಲ್ಲಿದ್ದ ನಮ್ಮ ಬಾವಿ ತೋರಿಸಿದೆ. ಟೇಪು ಹಿಡಿದರು, ಹನ್ನೊಂದು ಮೀಟರು. ಕೇರಳದ ಕಟ್ಟಡ ನಿಯಮದ ಪ್ರಕಾರ ಕುಡಿಯುವ ನೀರಿನ ಬಾವಿಯಿಂದ ಗುಂಡಿಗೆ 7.5 ಮೀಟರ್ ದೂರ ಬೇಕು, ಸಾಕಷ್ಟಾಯಿತು ಎಂದುಕೊಂಡೆ. ಆದರೆ ಆ ನಿಯಮದಲ್ಲಿ "ನಿಮ್ಮ ಬಾವಿ" ಎಂದಿಲ್ಲ. ಯಾರ ಬಾವಿಯಾದರೂ ಲೆಕ್ಕಕ್ಕೆ ಬರುತ್ತದೆ. ಕಂಪೌಂಡು ಗೋಡೆಯ ಆಚೆ, ಪಕ್ಕದ ಹಂಚಿನ ಮನೆಯ ಅಕ್ಕನ ಬಾವಿಗೆ ಗುಂಡಿಯಿಂದ ನಾಲ್ಕು ಮೀಟರೂ ಇರಲಿಲ್ಲ. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಚಿಕ್ಕಂದಿನಲ್ಲಿ ಶಾಲೆಯಿಂದ ಬರುವಾಗ ಆ ಬಾವಿಯ ನೀರು ಕುಡಿದವನು ನಾನು. ಗೋಡೆ ಕಟ್ಟಿದ ಮೇಲೆ ಕಣ್ಣಿಗೆ ಬೀಳುತ್ತಿರಲಿಲ್ಲ, ಅಷ್ಟೇ. ನಕ್ಷೆಯ ಕಾಗದ ನಮ್ಮ ಗಡಿಗೆ ಮುಗಿಯಿತು, ನನ್ನ ಯೋಚನೆಯೂ ಅಲ್ಲಿಗೇ ಮುಗಿಯಿತು.

ನಮ್ಮ ಮುರಕಲ್ಲಿನ ತುಂಬ ತೂತು. ಆ ಕಲ್ಲನ್ನು ಅಡ್ಡಕ್ಕೆ ಕೊರೆದರೆ ಸುರಂಗದಲ್ಲಿ ನೀರು ಒಸರುವುದೂ ಅದಕ್ಕೇ. ಮಳೆಗಾಲದಲ್ಲಿ ನೆಲದ ನೀರು ಮೇಲೇರಿ ಗುಂಡಿಯ ತಳ ಮುಟ್ಟಿತೆಂದರೆ ಕೊಳೆ ಸೋಸುವುದಕ್ಕೆ ಒಣ ಮಣ್ಣೇ ಉಳಿಯುವುದಿಲ್ಲ. ಎರಡನೇ ವರ್ಷದ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಅಕ್ಕ ಗೋಡೆಯ ಮೇಲಿಂದ "ತಮ್ಮ, ನೀರು ವಾಸನೆ ಬರುತ್ತದಲ್ಲ" ಎಂದರು. ಎಲೆ ಕೊಳೆತಿರಬೇಕು ಎಂದೆ. ಅವರ ಮೊಮ್ಮಗುವಿಗೆ ವಾಂತಿಭೇದಿ ಆದ ಮೇಲೆ ನೀರು ಪರೀಕ್ಷೆ ಮಾಡಿಸಿದೆವು. ಮಲದ ಬ್ಯಾಕ್ಟೀರಿಯಾ ಇತ್ತು. ಗುಂಡಿ ಮುಚ್ಚಿ, ಮುಂಭಾಗದ ಸಿಮೆಂಟು ಒಡೆದು ಹೊಸದು ತೋಡಿಸುವಾಗ ಒಂದೂವರೆ ಲಕ್ಷ ಹೋಯಿತು. ದುಡ್ಡು ಹೋದದ್ದು ನನಗೆ ದೊಡ್ಡದಲ್ಲ.

ಈಗ ನಿಮ್ಮ ಅರ್ಜಿ. ದಯವಿಟ್ಟು ಕೊಡಬೇಡಿ. ಒಂದೇ ನಮೂನೆ ಎಂದರೆ ಮೊದಲು ಹೊರಬೀಳುವವರು ಮೂರು ಸೆಂಟ್ಸಿನವರು, ಹಿತ್ತಿಲ ಕೋಣೆಯ ಬಾಡಿಗೆಯಲ್ಲಿ ಮದ್ದು ತರುವ ಮುದುಕಿಯರು. 125 ಚದರ ಮೀಟರಿನೊಳಗಿನ, ಅಂದರೆ ಸುಮಾರು ಮೂರು ಸೆಂಟ್ಸಿನ ಜಾಗಕ್ಕೆ ನಿಯಮದಲ್ಲೇ ರಿಯಾಯಿತಿ ಇದೆ, ಅದನ್ನು ನೀವು ಯಾಕೆ ಕಸಿಯಬೇಕು? ಒಂಟಿ ಮನೆಯ ಗುಂಡಿಯೂ ಪಕ್ಕದ ಬಾವಿ ಕೆಡಿಸುತ್ತದೆ. ಹಂಚೋ ತಾರಸಿಯೋ ಎಂದು ನೀರು ನೋಡುವುದಿಲ್ಲ.

ವಾರ್ಡ್ ಸಭೆಯಲ್ಲಿ ಬೇರೆಯೇ ಕೇಳಿ: ಇಡೀ ಕಾಲೊನಿಯ ಬಾವಿ, ಗುಂಡಿ, ಮಳೆನೀರು ಹೋಗುವ ತೋಡು, ಓಣಿಯ ಅಗಲ, ಇಷ್ಟೂ ಒಂದೇ ನಕ್ಷೆಯಲ್ಲಿ ಬರಲಿ. ಹೊಸ ಅನುಮತಿ ಕೊಡುವಾಗ ಅದನ್ನು ಎದುರಿಟ್ಟು ನೋಡಲಿ. ಮಾಸ್ಟರ್ ಪ್ಲ್ಯಾನಿನ ಕರಡು ಬಂದಾಗ ಆಕ್ಷೇಪ ಬರೆಯುವ ಅವಕಾಶವಿರುತ್ತದೆ, ಆಗಲೂ ಇದನ್ನೇ ಬರೆಯಿರಿ. ಒಂದು ಭಾನುವಾರ ನಾಲ್ಕು ಜನ ಟೇಪು ಹಿಡಿದು ಮನೆಮನೆಗೆ ಹೋದರೆ ಅರ್ಧ ನಕ್ಷೆ ಅಂದೇ ಆಗುತ್ತದೆ. ನಮ್ಮಲ್ಲಿ ಹಾಗೇ ಮಾಡಿದೆವು, ಎಂಟು ವರ್ಷ ತಡವಾಗಿ.

ಅಕ್ಕನ ಬಾವಿ ಈಗ ಪರೀಕ್ಷೆಯಲ್ಲಿ ಸರಿ ಇದೆ. ಆದರೂ ಅವರು ಕುಡಿಯುವುದಕ್ಕೆ ನಮ್ಮ ಬಾವಿಯ ಪೈಪಿನ ನೀರನ್ನೇ ಹಿಡಿಯುತ್ತಾರೆ. ಅವರ ಬಾವಿಕಟ್ಟೆಯ ರಾಟೆಗೆ ಹಗ್ಗ ಇಲ್ಲ.