ಗೇನ್ ಪೂರ್ತಿ ಏರಿಸಿದರೂ ಗಿಟಾರಿಗೆ ಬ್ಲ್ಯಾಕ್ ಸಬ್ಬತ್‌ನ ಭಾರ ಯಾಕೆ ಬರಲ್ಲ?

ಗಂಗಾವತಿಯಿಂದ ಕೇಳಿದ್ದೀರಿ: ಎಲೆಕ್ಟ್ರಿಕ್ ಗಿಟಾರ್ ಇದೆ, ಡಿಸ್ಟಾರ್ಷನ್ ಪೆಡಲ್ ಇದೆ, ಹೋಂ ಥಿಯೇಟರಿಗೆ ಹಾಕಿ ಗೇನ್ (ಸದ್ದಿನ ಕರಕರ ಹೆಚ್ಚಿಸೋ ಗುಂಡಿ) ಪೂರ್ತಿ ಏರಿಸಿದರೂ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತೆ, ಇಂಗ್ಲೆಂಡಿನ ಮೆಟಲ್ ತಂಡ ಬ್ಲ್ಯಾಕ್ ಸಬ್ಬತ್‌ನ ಭಾರ ಬರಲ್ಲ. ಇನ್ನೂ ದೊಡ್ಡ ಪೆಡಲ್ ತಗೊಳ್ಳಲಾ, ತಂತಿ ಇಳಿಸಿ ಶ್ರುತಿ ಮಾಡಲಾ, ಯಾವ ಆಲ್ಬಮ್ ಕೇಳಿ ಕಿವಿ ಹದ ಮಾಡಿಕೊಳ್ಳಲಿ ಅಂತ.

ಪೆಡಲೂ ಬೇಡ, ತಂತಿ ಇಳಿಸೋದೂ ಸದ್ಯಕ್ಕೆ ಬೇಡ್ರಿ. ಆ ಸೊಳ್ಳೆ ಇರೋದು ಹೋಂ ಥಿಯೇಟರಿನಲ್ಲಿ. ಗಿಟಾರ್ ಆಂಪ್‌ನ 10-12 ಇಂಚಿನ ಸ್ಪೀಕರ್ ಸುಮಾರು 5,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ದಾಟಿದ ಮೇಲಿನ ಸದ್ದನ್ನ ಬಹುಪಾಲು ನುಂಗಿಬಿಡುತ್ತೆ. ಡಿಸ್ಟಾರ್ಷನ್ ಹುಟ್ಟಿಸೋ ಕರಕರ ಅನ್ನೋದೆಲ್ಲ ಇರೋದು ಅದರ ಮೇಲೆಯೇ. ಹೋಂ ಥಿಯೇಟರ್, ಹೆಡ್‌ಫೋನ್, ಜಾತ್ರೆಯ ರಸಮಂಜರಿಗೆ ತರೋ ಸೌಂಡ್ ಸಿಸ್ಟಮ್ ಇವೆಲ್ಲ 15 ಸಾವಿರ ಹರ್ಟ್ಸ್‌ವರೆಗೂ ಏನು ಕೊಟ್ಟರೂ ಹಾಗೇ ನುಡಿಸ್ತವೆ. ನಮ್ಮ ಕಡೆ ಆರ್ಕೆಸ್ಟ್ರಾಗಳಲ್ಲಿ ಲೀಡ್ ಗಿಟಾರ್ ಕಿವಿಗೆ ಚುಚ್ಚೋದು ಇದೇ ಕಾರಣಕ್ಕೆ, ಪೆಡಲಿನ ವೈರು ನೇರ ಮಿಕ್ಸರಿಗೆ ಹೋಗಿರುತ್ತೆ. ಸೌಂಡಿನವರನ್ನ ಬೈದು ಪ್ರಯೋಜನ ಇಲ್ಲ.

ಕೈಯಲ್ಲಿ ದುಡ್ಡಿಲ್ಲದಿದ್ದರೆ ಪೆಡಲ್ ಆದಮೇಲೆ ಒಂದು ಈಕ್ವಲೈಜರ್ ಇಟ್ಟು 5-6 ಸಾವಿರ ಹರ್ಟ್ಸ್‌ನಿಂದ ಮೇಲಿನದನ್ನೆಲ್ಲ ಪೂರ್ತಿ ಕೆಳಗೆ ಎಳೀರಿ, 80ಕ್ಕಿಂತ ಕೆಳಗಿನದನ್ನೂ ತೆಗೀರಿ. ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿ ನುಡಿಸೋದಾದರೆ ಆಂಪ್ ಆಪ್‌ನಲ್ಲಿ ಕ್ಯಾಬಿನೆಟ್ ಸಿಮ್ಯುಲೇಷನ್ (ಗಿಟಾರ್ ಸ್ಪೀಕರಿನ ಅನುಕರಣೆ) ಆನ್ ಮಾಡಿಕೊಳ್ರಿ. ದುಡ್ಡಿದ್ದರೆ 8 ಇಂಚಿಗೆ ಕಡಿಮೆ ಇಲ್ಲದ ಸ್ಪೀಕರಿನ 15-20 ವ್ಯಾಟ್ ಆಂಪ್, ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತೆ. ಸ್ಟೇಜಿನಲ್ಲಿ ಅದರ ಮುಂದೆ ಒಂದು ಎಸ್‌ಎಂ57 ಮೈಕು, ಬಟ್ಟೆಗೆ ಎರಡು ಬೆರಳು ದೂರ, ಸ್ಪೀಕರಿನ ನಡುಮಧ್ಯ ಬಿಟ್ಟು ಸ್ವಲ್ಪ ಅಂಚಿನ ಕಡೆಗೆ. ನಡುಮಧ್ಯಕ್ಕೆ ಹಿಡಿದರೆ ಮತ್ತೆ ಅದೇ ಕರಕರ.

ಈಗ ಗೇನ್. 10ರಲ್ಲಿ 4ಕ್ಕೆ ಇಳಿಸ್ರಿ. ಗೇನ್ ಏರಿದಷ್ಟೂ ಪಿಕ್ ಬಡಿದ ಏಟೂ ಆಮೇಲೆ ಉಳಿಯೋ ನಾದವೂ ಒಂದೇ ಎತ್ತರಕ್ಕೆ ಬಂದುಬಿಡ್ತವೆ. ಏಟಿಗೂ ಮೌನಕ್ಕೂ ನಡುವೆ ಅಂತರ ಇದ್ದರೆ ಮಾತ್ರ ಕಿವಿಗೆ ಅದು ಭಾರ. ಗಿಟಾರಿನ ವಾಲ್ಯೂಮ್ ಗುಂಡಿಯನ್ನ 6ಕ್ಕೆ ಇಳಿಸಿದಾಗ ಸದ್ದು ಅರ್ಧ ತಿಳಿಯಾದರೆ ಗೇನ್ ಸರಿ ಇದೆ ಅಂತ, ಇಳಿಸಿದರೂ ಹಾಗೇ ಕೊರೀತಿದ್ದರೆ ಇನ್ನೂ ತೆಗೀರಿ. ಬಾಸ್ 4, ಮಿಡ್ 7, ಟ್ರೆಬಲ್ 5ರಿಂದ ಶುರು ಮಾಡ್ರಿ. ಹೊಸಬರೆಲ್ಲ ಮಿಡ್ ಸೊನ್ನೆ ಮಾಡಿ ಬಾಸ್ ಪೂರ್ತಿ ಏರಿಸ್ತಾರೆ. ರೂಮಿನಲ್ಲಿ ಒಬ್ಬರೇ ಕೂತಾಗ ಅದು ಭಾರೀ ಅನ್ನಿಸುತ್ತೆ, ಡ್ರಮ್ಸ್ ಶುರುವಾದ ಕೂಡಲೆ ಗಿಟಾರ್ ಇದೆಯೋ ಇಲ್ಲವೋ ಗೊತ್ತಾಗಲ್ಲ. ಮೋಟರ್‌ಹೆಡ್ ತಂಡದ ಲೆಮ್ಮಿ ತನ್ನ ಬಾಸ್ ಗಿಟಾರಿಗೇ ಮಾರ್ಷಲ್ ಆಂಪ್‌ನಲ್ಲಿ ಬಾಸ್ ಸೊನ್ನೆ, ಟ್ರೆಬಲ್ ಸೊನ್ನೆ, ಮಿಡ್ ಪೂರ್ತಿ ಇಟ್ಟುಕೊಳ್ತಿದ್ದ.

ಇನ್ನೊಂದು ಉಪಾಯ ಯಾರೂ ಹೇಳಿಕೊಡಲ್ಲ. ಡಿಸ್ಟಾರ್ಷನ್‌ಗೆ ಮುಂಚೆ ಬಾಸ್ ಕಡಿಮೆ ಮಾಡಬೇಕು, ಬೇಕಾದರೆ ಆಮೇಲೆ ಸೇರಿಸಿಕೊಳ್ಳಬೇಕು. ದಪ್ಪ ತಂತಿಯ ಕೆಳಸದ್ದು ಹಾಗೇ ಒಳಗೆ ಹೋದರೆ ಎಲ್ಲ ಕಲಸಿ ಕೆಸರಾಗುತ್ತೆ. ಓವರ್‌ಡ್ರೈವ್ ಪೆಡಲ್ ಇದ್ದರೆ ಅದರ ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ನಡುವಿಗೆ ಇಟ್ಟು ಗಿಟಾರಿಗೂ ಡಿಸ್ಟಾರ್ಷನ್‌ಗೂ ನಡುವೆ ಹಾಕ್ರಿ, ಬಾಸ್ ಅಲ್ಲೇ ಕಡಿಮೆ ಆಗುತ್ತೆ. ಬ್ಲ್ಯಾಕ್ ಸಬ್ಬತ್‌ನ ಗಿಟಾರಿಸ್ಟ್ ಟೋನಿ ಅಯೋಮಿ ಶುರುವಿನ ದಿನಗಳಲ್ಲಿ ಮಾಡಿದ್ದೂ ಇದೇ ಜಾತಿಯ ಕೆಲಸ: ಗಿಬ್ಸನ್ ಎಸ್‌ಜಿ, ಅದರ ಮುಂದೆ ಡಲ್ಲಾಸ್ ಕಂಪನಿಯ ರೇಂಜ್‌ಮಾಸ್ಟರ್ ಟ್ರೆಬಲ್ ಬೂಸ್ಟರ್, ಆಮೇಲೆ ಲೇನಿ ಆಂಪ್. ಭಾರದ ಸದ್ದಿನ ಮೂಲಪುರುಷನೇ ಟ್ರೆಬಲ್ ಏರಿಸೋ ಪೆಟ್ಟಿಗೆ ಇಟ್ಟುಕೊಂಡಿದ್ದ.

ತಂತಿ ಇಳಿಸೋ ವಿಷಯಕ್ಕೆ ಬರೋಣ. 1970ರಲ್ಲಿ ಬಂದ ಬ್ಲ್ಯಾಕ್ ಸಬ್ಬತ್‌ನ ಮೊದಲ ಎರಡೂ ಆಲ್ಬಮ್ ಮಾಮೂಲಿ ಶ್ರುತಿಯಲ್ಲೇ ಇವೆ. ಮೊದಲ ಆಲ್ಬಮ್ಮಿನ ಶೀರ್ಷಿಕೆ ಹಾಡು ಹೆದರಿಸೋದು ಮೂರು ಸ್ವರದಿಂದ: ಸಾ, ಮೇಲಿನ ಸಾ, ಆಮೇಲೆ ತೀವ್ರ ಮಧ್ಯಮ. ಅಷ್ಟೇ. ಪಂಚಮಕ್ಕೆ ಹೋಗಿ ನಿಲ್ಲಬೇಕಾದ ಕಿವಿಯನ್ನ ಒಂದು ಮೆಟ್ಟಿಲು ಕೆಳಗೇ ಹಿಡಿದು ನಿಲ್ಲಿಸ್ತಾರೆ, ಅದೂ ನಿಧಾನಕ್ಕೆ. ಒಂದೂವರೆ ಸ್ವರ (ಅಂಥ ಮೂರು ಮೆಟ್ಟಿಲು) ಇಳಿಸಿದ್ದು 1971ರ ಮೂರನೇ ಆಲ್ಬಮ್ ‘ಮಾಸ್ಟರ್ ಆಫ್ ರಿಯಾಲಿಟಿ’ಯಲ್ಲಿ. ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಹದಿನೇಳನೇ ವಯಸ್ಸಿಗೆ ಅಯೋಮಿಯ ಬಲಗೈ ಎರಡು ಬೆರಳಿನ ತುದಿ ಹೋಗಿದ್ದವು. ಅವನು ಎಡಚ, ಹಾಗಾಗಿ ಅವೇ ತಂತಿ ಒತ್ತೋ ಬೆರಳು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಟೋಪಿ ಮಾಡಿಕೊಂಡು, ತೆಳು ತಂತಿ ಹಾಕಿಕೊಂಡು ನುಡಿಸಿದ. ತಂತಿ ಸಡಿಲ ಆದರೆ ಬೆರಳಿಗೆ ಹಗುರ. ದಪ್ಪ ತಂತಿ ಹಾಕಿದರೇನೇ ಮೆಟಲ್ ಅನ್ನೋರಿಗೆ ಇದನ್ನ ಹೇಳ್ರಿ.

ಆದರೂ ನೀವು ಇಳಿಸೋದಾದರೆ ತೆಳು ತಂತಿ ಬೇಡ, ಯಾಕಂದ್ರೆ ಅಯೋಮಿಯ ಹಗುರ ಕೈ ನಮಗಿಲ್ಲ. 9-42ರ ತೆಳು ಸೆಟ್ಟನ್ನ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದೊಂದು ಭಾಗದಲ್ಲಿ) ಒಂದೂವರೆ ಸ್ವರ ಇಳಿಸಿ ಜೋರಾಗಿ ಬಡಿದರೆ ಏಟು ಬಿದ್ದ ಕ್ಷಣ ಶ್ರುತಿ ಮೇಲಕ್ಕೆ ಹಾರಿ ಆಮೇಲೆ ಕೆಳಗೆ ಬರುತ್ತೆ. 11-52 ಅಥವಾ 11-54 ಸೆಟ್ ತಗೊಳ್ರಿ. ಅಂಗಡಿಯಲ್ಲಿ ಬರೀ ‘ಗಿಟಾರ್ ತಂತಿ’ ಅಂದರೆ ಅಕೌಸ್ಟಿಕ್‌ನ ಬ್ರಾಂಜ್ ತಂತಿ ಕೊಡೋ ಸಾಧ್ಯತೆ ಹೆಚ್ಚು. ಅದನ್ನ ಪಿಕಪ್‌ನ ಅಯಸ್ಕಾಂತ ಸರಿಯಾಗಿ ಹಿಡಿಯಲ್ಲ, ತೆಳು ತಂತಿ ಎರಡು ಜೋರು, ಉಳಿದ ನಾಲ್ಕು ಮೆಲ್ಲಗೆ ಕೇಳುತ್ತೆ. ನಿಕ್ಕಲ್ ಅಂತ ಬರೆದಿರೋದೇ ಬೇಕು. ದಪ್ಪ ತಂತಿ ನಟ್ಟಿನ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರೋ ಪಟ್ಟಿ) ಸೀಳಿನಲ್ಲಿ ಸಿಕ್ಕಿಕೊಂಡು ಟಿಕ್ ಟಿಕ್ ಅಂತ ಜಾರ್ತಿದ್ದರೆ ಅಲ್ಲಿ ಪೆನ್ಸಿಲ್ ಸೀಸ ಉಜ್ರಿ. 12ನೇ ಫ್ರೆಟ್ ಒತ್ತಿದ ಸ್ವರ ಅದೇ ಜಾಗದ ಹಾರ್ಮೋನಿಕ್‌ಗಿಂತ (ಒತ್ತದೆ ಬರೀ ಬೆರಳು ತಾಗಿಸಿ ಮೀಟಿದ ಸ್ವರ) ಏರಾಗಿದ್ದರೆ ಬ್ರಿಡ್ಜಿನ ಸ್ಯಾಡಲನ್ನ ಹಿಂದಕ್ಕೆ ಸರಿಸಬೇಕು, ಇಳಿದಿದ್ದರೆ ಮುಂದಕ್ಕೆ. ಸ್ಪ್ರಿಂಗ್ ಮೇಲೆ ತೇಲೋ ಫ್ಲಾಯ್ಡ್ ರೋಸ್ ಬ್ರಿಡ್ಜ್ ಇದ್ದರೆ ಪದೇ ಪದೇ ಶ್ರುತಿ ಬದಲಿಸೋ ಆಸೆಯನ್ನೇ ಬಿಡ್ರಿ, ಒಂದು ತಂತಿ ಇಳಿಸಿದರೆ ಉಳಿದ ಐದೂ ಏರ್ತವೆ.

ನಮ್ಮ ಬೇಸಿಗೆಯೂ ಇದರಲ್ಲಿ ಕೈ ಹಾಕುತ್ತೆ. ಏಪ್ರಿಲ್-ಮೇನಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಎಲ್ಲೇ ಆಗಲಿ 40 ಡಿಗ್ರಿ ದಾಟಿದ ಒಣ ಗಾಳಿಗೆ ಗಿಟಾರಿನ ಮರ ಕುಗ್ಗಿ ಫ್ರೆಟ್ ತುದಿ ಕೈಗೆ ತರಚೋಕೆ ಶುರುವಾಗುತ್ತೆ, ಕುತ್ತಿಗೆಯ ಬಾಗೂ ಬದಲಾಗುತ್ತೆ. ದಪ್ಪ ತಂತಿಯನ್ನ ಮೊದಲನೇ ಫ್ರೆಟ್‌ನಲ್ಲೂ ಕೊನೇ ಫ್ರೆಟ್‌ನಲ್ಲೂ ಒತ್ತಿ ಹಿಡಿದು 7-8ನೇ ಫ್ರೆಟ್ ಹತ್ತಿರ ಸಂದು ನೋಡ್ರಿ, ಒಂದು ವಿಸಿಟಿಂಗ್ ಕಾರ್ಡ್ ತೂರಿದರೆ ಸಾಕು. ಸಂದೇ ಇಲ್ಲ, ತಂತಿ ಫ್ರೆಟ್ಟಿಗೆ ಬಡಿದು ಚರಚರ ಅಂತಿದೆ ಅಂದರೆ ಟ್ರಸ್ ರಾಡನ್ನ (ಕುತ್ತಿಗೆಯ ಒಳಗಿನ ಬಾಗು ಸರಿಮಾಡೋ ಕಂಬಿ) ಕಾಲು ಸುತ್ತು ಸಡಿಲ ಮಾಡಿ ಒಂದು ರಾತ್ರಿ ಬಿಡ್ರಿ. ಒಂದೇ ಸಲ ಜಾಸ್ತಿ ತಿರುಗಿಸಬೇಡ್ರಿ.

ಗುಂಯ್ ಅನ್ನೋದು ನೀವು ನುಡಿಸದೇ ಇದ್ದಾಗಲೂ ಇದ್ದರೆ ಅದು ಕರೆಂಟಿನದು, 50 ಹರ್ಟ್ಸ್. ತಂತಿ ಮುಟ್ಟಿದ ಕೂಡಲೆ ಕಡಿಮೆ ಆದರೆ ಗಿಟಾರಿನ ಒಳಗಿನ ಶೀಲ್ಡಿಂಗ್ ಅಥವಾ ಮನೆಯ ಅರ್ಥಿಂಗ್ ನೋಡಬೇಕು. ಅರ್ಥಿಂಗ್ ಗುಂಡಿಯ ಮಣ್ಣು ಬೇಸಿಗೆಯಲ್ಲಿ ಪೂರ್ತಿ ಒಣಗುತ್ತೆ. ಪೈಪಿಗೆ ಎರಡು ಕೊಡ ನೀರು ಸುರಿದು ವ್ಯತ್ಯಾಸ ಕೇಳ್ರಿ. ಆಗಲೂ ಹೋಗದಿದ್ದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಉಪ್ಪು-ಇದ್ದಿಲು ಹೊಸದಾಗಿ ತುಂಬಿಸ್ರಿ. ಗುಂಯ್ ಹೋಗುತ್ತೆ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿಯೋರು ಇದ್ದಾರೆ. ಆಂಪ್ ಒಂದು ಬೋರ್ಡಿಗೆ, ಮೈಕಿನ ಮಿಕ್ಸರ್ ಇನ್ನೊಂದು ಬೋರ್ಡಿಗೆ ಇದ್ದು, ಕೈಯಲ್ಲಿ ತಂತಿ ತುಟಿಗೆ ಮೈಕು ತಾಗಿದರೆ ಅದು ಪ್ರಾಣಕ್ಕೇ ಬರುತ್ತೆ. ಎಲ್ಲ ಒಂದೇ ಬೋರ್ಡಿನಿಂದ ತಗೊಳ್ರಿ. ಅಮೆರಿಕದ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ವೋಲ್ಟೇಜನ್ನ 90ರ ಹತ್ತಿರಕ್ಕೆ ಇಳಿಸಿ ನುಡಿಸ್ತಿದ್ದ ಅಂತ ಓದಿ ನಮ್ಮೂರ ಲೋ ವೋಲ್ಟೇಜನ್ನ ವರ ಅಂದುಕೊಳ್ಳಬೇಡ್ರಿ. ಅವನದು ವಾಲ್ವ್ ಆಂಪ್, ಇಳಿಸಿದ್ದು ಅಳತೆ ಇಟ್ಟು.

ಕೈಯ ಕೆಲಸದಲ್ಲಿ ಒಂದು ತತ್ವ ಸಾಕು: ಸಾ-ಪ-ಸಾ, ಗಾಂಧಾರ ಬೇಡ. ತಂಬೂರಿಯಲ್ಲಿ ಸಿಗೋ ಸ್ವರಗಳೇ ಪವರ್ ಕಾರ್ಡ್. ದಪ್ಪ ತಂತಿಯ ಸಾ 82 ಹರ್ಟ್ಸ್, ಪ 123. ಡಿಸ್ಟಾರ್ಷನ್ ಈ ಎರಡರ ವ್ಯತ್ಯಾಸವನ್ನೂ ಹುಟ್ಟಿಸುತ್ತೆ, ಅಂದರೆ 41, ಬಾಸ್ ಗಿಟಾರಿನ ಅತಿ ದಪ್ಪ ತಂತಿಯ ಸ್ವರ. ಯಾರೂ ನುಡಿಸದ ಮಂದ್ರ ಸಾ ಪುಕ್ಕಟೆ ಸಿಗುತ್ತೆ. ಗಾಂಧಾರ ಸೇರಿಸಿದರೆ, ಫ್ರೆಟ್ಟಿನ ಗಾಂಧಾರ ಶುದ್ಧಕ್ಕಿಂತ 14 ಸೆಂಟ್ ಏರಿರೋದರಿಂದ, ಆ ವ್ಯತ್ಯಾಸದ ಸ್ವರಗಳು ಒಂದಕ್ಕೊಂದು ಹೊಂದದೆ ಗಲಾಟೆ ಆಗುತ್ತೆ. ಪಾಮ್ ಮ್ಯೂಟ್‌ಗೆ (ಅಂಗೈಯಿಂದ ತಂತಿಯ ನಾದ ಅಡಗಿಸಿ ನುಡಿಸೋದು) ಅಂಗೈ ಅಂಚು ಸ್ಯಾಡಲಿನ ಮೇಲೆಯೇ ಕೂರಬೇಕು. ಅರ್ಧ ಇಂಚು ಮುಂದೆ ಬಂದರೆ ಸ್ವರವೇ ಸಾಯುತ್ತೆ. ಪಿಕ್ 1 ಮಿಮೀ.

ಇನ್ನು ಕೇಳೋದು. ನನ್ನ ಮಟ್ಟಿಗೆ ಗಿಟಾರ್ ಕಲಿಯೋರಿಗೆ ಸಬ್ಬತ್‌ಗಿಂತ ಮೊದಲ ಗುರು ಎಸಿ/ಡಿಸಿಯ ಮಾಲ್ಕಮ್ ಯಂಗ್. 1980ರ ‘ಬ್ಯಾಕ್ ಇನ್ ಬ್ಲ್ಯಾಕ್’ ಇಯರ್‌ಫೋನಿನಲ್ಲಿ ಹಾಕಿದರೆ ಅಣ್ಣ ಒಂದು ಕಿವಿಯಲ್ಲಿ, ತಮ್ಮ ಆಂಗಸ್ ಇನ್ನೊಂದರಲ್ಲಿ ಸಿಗ್ತಾರೆ. ಅಣ್ಣನ ಕಡೆ ಮಾತ್ರ ಕೇಳ್ರಿ, ಗೇನ್ ಎಷ್ಟು ಕಡಿಮೆ ಅಂತ ಆಶ್ಚರ್ಯ ಆಗುತ್ತೆ. ಅದೇ ವರ್ಷದ ಜೂಡಾಸ್ ಪ್ರೀಸ್ಟ್‌ನ ‘ಬ್ರಿಟಿಷ್ ಸ್ಟೀಲ್’ ಆಮೇಲೆ. ಚರ್ಮದ ಜಾಕೆಟ್ಟು, ಮೊಳೆಪಟ್ಟಿ ಅವರಿಂದ ಬಂದಿದ್ದು, ನಮ್ಮ ಬಿಸಿಲಿಗೆ ಅದು ಆಗಲ್ಲ. ಜೀನ್ಸ್ ಬಳ್ಳಾರಿಯಲ್ಲೇ ಹೊಲೀತಾರೆ, ಅಷ್ಟು ಸಾಕು. ಬಾಸ್ ಗಿಟಾರಿನ ಬೆಲೆ ತಿಳಿಬೇಕಾದರೆ ಮೆಟಾಲಿಕಾದ 1988ರ ‘...ಆಂಡ್ ಜಸ್ಟಿಸ್ ಫಾರ್ ಆಲ್’ ಕೇಳಿ ತಕ್ಷಣ 1991ರ ಕಪ್ಪು ಆಲ್ಬಮ್ ಹಾಕ್ರಿ. ಮೊದಲನೆಯದರಲ್ಲಿ ಬಾಸ್ ಕೇಳಿಸೋದೇ ಇಲ್ಲ ಅನ್ನೋ ಮಟ್ಟಕ್ಕೆ ಇಳಿಸಿದ್ದಾರೆ, ಗಿಟಾರ್ ಎಷ್ಟು ಜೋರಿದ್ದರೂ ಸದ್ದು ಒಣ ಒಣ. ಐರನ್ ಮೇಡನ್ ನನಗೆ ಇಷ್ಟವೇ, ಆದರೆ ಅವರದು ಜೋಡಿ ಗಿಟಾರಿನ ರಾಗ, ನೀವು ಹುಡುಕ್ತಿರೋ ಭಾರ ಅಲ್ಲ.

ಕೊನೆಗೆ ಡೀಪ್ ಪರ್ಪಲ್, 1972ರ ‘ಮಷೀನ್ ಹೆಡ್’. ಎಲ್ಲರೂ ಮೊದಲು ಕಲಿಯೋ ಆ ‘ಸ್ಮೋಕ್ ಆನ್ ದ ವಾಟರ್’ ರಿಫ್ಫನ್ನ ನೂರಕ್ಕೆ ತೊಂಬತ್ತು ಜನ ದಪ್ಪ ತಂತಿಯಲ್ಲಿ ಪವರ್ ಕಾರ್ಡ್ ಹಿಡಿದು ಪಿಕ್‌ನಿಂದ ಬಡೀತಾರೆ. ಅವರ ಗಿಟಾರಿಸ್ಟ್ ಬ್ಲ್ಯಾಕ್‌ಮೋರ್ ನುಡಿಸಿದ್ದು ನಡುವಿನ ಡಿ ಮತ್ತು ಜಿ ತಂತಿಯಲ್ಲಿ, ಪಿಕ್ ಬಿಟ್ಟು ಎರಡು ಬೆರಳಿಂದ ಎರಡೂ ತಂತಿಯನ್ನ ಒಟ್ಟಿಗೆ ಎಳೆದು: ಖಾಲಿ, 3, 5, ಖಾಲಿ, 3, 6, 5, ಖಾಲಿ, 3, 5, 3, ಖಾಲಿ. ಕೆಳಗೆ ಪ, ಮೇಲೆ ಸಾ. ಅದರ ಅಡಿಗೆ ಜಾನ್ ಲಾರ್ಡ್‌ನ ಹ್ಯಾಮಂಡ್ ಆರ್ಗನ್, ಅದೂ ಮಾರ್ಷಲ್ ಆಂಪ್ ಮೂಲಕ. ಗೇನ್ 3ಕ್ಕೆ ಇಟ್ಟು ಹೀಗೇ ಬೆರಳಿಂದ ಎಳೆದು ನೋಡ್ರಿ. ಎರಡು ಸ್ವರವೂ ಒಟ್ಟಿಗೆ ಹುಟ್ಟಿ ಒಟ್ಟಿಗೆ ನಿಂತರೆ ಪೆಡಲ್, ಸ್ಪೀಕರ್ ಎರಡೂ ಸರಿ ಕೂತಿವೆ ಅಂತ ಅರ್ಥ. ಆಮೇಲೆ ಬೇಕಾದರೆ 11ರ ತಂತಿಗೆ ಆರ್ಡರ್ ಹಾಕ್ರಿ.