ತೆಂಬರೆಯವರನ್ನು ಆಮೇಲೆ ಹುಡುಕಿ, ಮೊದಲು ಹಾಡುವವರ ಶ್ರುತಿ ಹಿಡಿಯಿರಿ

ಗಿಟಾರ್, ಕೀಬೋರ್ಡ್, ಕಹೋನ್ (ಕೂತು ಬಾರಿಸುವ ಮರದ ಪೆಟ್ಟಿಗೆ) ನುಡಿಸುವ ಮೂವರಿದ್ದೇವೆ, ಮಂಗಳೂರಿನಲ್ಲಿ ಜಾನಪದ ಬ್ಯಾಂಡ್ ಕಟ್ಟಬೇಕು, ತೆಂಬರೆ, ದುಡಿಯಂಥ ತುಳುನಾಡಿನ ಚರ್ಮವಾದ್ಯ ಬಾರಿಸುವವರು ಎಲ್ಲಿ ಸಿಗುತ್ತಾರೆ ಅಂತ ಕೇಳಿದ್ದೀರಿ. ನಾವೂ ಇದೇ ಪಟ್ಟಿ ಹಿಡಿದು ಹೊರಟವರು. ಮೊದಲು ವಾದ್ಯ ಕೂಡಿಸಿದೆವು, ಹಾಡುವವರನ್ನು ಕೊನೆಗೆ ಕರೆದೆವು. ಆ ಕ್ರಮದಿಂದಲೇ ಎಲ್ಲ ಕೆಟ್ಟಿತು.

ಗದ್ದೆ ಕೆಲಸದ ‘ಓಬೇಲೆ’ ಹಾಡಲು ಬಂದವರು ನೇಜಿ (ಭತ್ತದ ಸಸಿ) ನೆಟ್ಟು ಪಳಗಿದ ಹಿರಿಯ ಅಕ್ಕ. ಗಿಟಾರಿಗೆ ಸುಲಭವೆಂದು ಎಲ್ಲ ಹಾಡನ್ನೂ ಬಿಳಿ 3ಕ್ಕೆ (ಇ ಸ್ವರಕ್ಕೆ) ಕೂರಿಸಿದೆವು. ಅವರ ಷಡ್ಜ (ಸ) ಇದ್ದದ್ದು ಕಪ್ಪು 4ರಲ್ಲಿ (ಜಿ ಶಾರ್ಪ್). ಹಾರ್ಮೋನಿಯಂನಲ್ಲಿ ಕಪ್ಪು ಬಿಳಿ ಎರಡನ್ನೂ ಎಣಿಸಿ ನೋಡಿ, ನಮ್ಮ ಬಿಳಿ 3 ಅದಕ್ಕಿಂತ ನಾಲ್ಕು ಕೀ ಕೆಳಗೆ. ಮೇಲಿನ ಬಿಳಿ 3ಕ್ಕೆ ಹೋಗೋಣವೆಂದರೆ ಎಂಟು ಕೀ ಹತ್ತಬೇಕು, ಅಲ್ಲಿ ಕಿರುಚುವುದೇ ಆಗುತ್ತದೆ. ಹಾಗಾಗಿ ಅವರು ತಗ್ಗಿಸಿ ಹಾಡಿದರು. ತಗ್ಗಿಸಿದ ಸ್ವರಕ್ಕೆ ಕಸುವಿಲ್ಲ, ಮೈಕ್ ಏರಿಸಿದರು. ಏರಿಸಿದ ಮೈಕಿಗೆ ಆರಡಿ ಆಚೆಯ ದುಡಿಯೂ ನುಗ್ಗಿತು, ಮಾನಿಟರ್ ಸೀಟಿ ಹೊಡೆಯಿತು, ಸೌಂಡಿನವರು ಮತ್ತೆ ಇಳಿಸಿದರು. ಎದುರು ಕೂತವರಿಗೆ ಕೇಳಿದ್ದು ಬರೀ ಬಡಿತ. ಮೈಕ್ ಸರಿಯಿಲ್ಲ ಅಂದುಕೊಂಡು ಎರಡನೇ ಕಾರ್ಯಕ್ರಮಕ್ಕೆ ಮೈಕ್ ಬದಲಿಸಿದೆವು, ಶ್ರುತಿ ಬದಲಿಸಲಿಲ್ಲ. ಆಮೇಲೆ ಅವರು ಬರಲಿಲ್ಲ. ಹಾಡುಗಳೆಲ್ಲ ಅವರ ಬಾಯಲ್ಲೇ ಇದ್ದವು, ನಮ್ಮಲ್ಲಿ ವಾದ್ಯ ಮಾತ್ರ ಉಳಿಯಿತು.

ಆದ್ದರಿಂದ ಮೊದಲ ದಿನ ಯಾವ ವಾದ್ಯವೂ ಬೇಡ. ಹಾಡುವವರನ್ನು ಅವರ ಮನೆಯ ಜಗಲಿಯಲ್ಲೇ ಕೂರಿಸಿ ಮೂರು ಹಾಡು ಹೇಳಿಸಿ. ಮೊದಲನೆಯದರಲ್ಲಿ ಗಂಟಲು ಕಾದಿರುವುದಿಲ್ಲ, ಮೂರನೆಯದರಲ್ಲಿ ಷಡ್ಜ ಎಲ್ಲಿ ನಿಂತಿತೆಂದು ಫೋನಿನ ತಂಬೂರಿ ಆ್ಯಪ್‌ನಲ್ಲಿ ಹುಡುಕಿ ಬರೆದಿಡಿ. ವಾರ ಬಿಟ್ಟು ಇನ್ನೆರಡು ಸಲ ಇದನ್ನೇ ಮಾಡಿ. ಮೂರರಲ್ಲಿ ಎರಡು ಸಲ ಬಂದ ಕೀಯೇ ನಿಮ್ಮ ಬ್ಯಾಂಡಿನ ಶ್ರುತಿ. ಸೊಲ್ಲು ತೆಗೆದುಕೊಂಡು (ಹಿಂದಿನಿಂದ ದನಿಗೂಡಿಸಿ) ‘ಡೆನ್ನ ಡೆನ್ನಾನ’ ಹೇಳುವ ಗಂಡಸರಿಗೆ ಅದು ನಿಲುಕದಿದ್ದರೆ ಅವರನ್ನು ಬದಲಿಸಿ, ಶ್ರುತಿಯನ್ನಲ್ಲ.

ಕಪ್ಪು 4 ಬಂತು ಅಂದುಕೊಳ್ಳಿ. ಗಿಟಾರಿನವರು ಒಂದನೇ ಫ್ರೆಟ್ಟಿಗೆ ಕೇಪೊ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಜಿ ಆಕಾರ ಹಿಡಿಯಲಿ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಮೈನಸ್ 4 ಇಟ್ಟು ಸಿಯಲ್ಲಿ ನುಡಿಸಲಿ. ಮದ್ದಳೆ ಬೇಕಿದ್ದರೆ ಆ ಶ್ರುತಿಗೆ ಮಾಡಿದ್ದನ್ನೇ ತನ್ನಿ. ಬೇರೆ ಶ್ರುತಿಯದನ್ನು ಬಿಗಿದು ಎಳೆಯಲು ಹೋದರೆ ಮುಚ್ಚಿಗೆ (ಬಾಯಿಗೆ ಕಟ್ಟಿದ ಚರ್ಮ) ಹರಿಯುತ್ತದೆ. ಕೊಳಲನ್ನಂತೂ ಬಿಗಿಯಲಿಕ್ಕೇ ಬರುವುದಿಲ್ಲ, ಶ್ರುತಿ ಗೊತ್ತಾದ ಮೇಲೆಯೇ ಕೊಳ್ಳಿ. ಇನ್ನೊಂದು, ಎಲ್ಲ ಕಡೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ತುಂಬಬೇಡಿ ಮಾರಾಯ್ರೆ. ಹಳೆಯ ಹಾಡಿನ ಗಾಂಧಾರ (ಗ) ಎಷ್ಟೋ ಸಲ ಮೇಜರಿನದ್ದೂ ಅಲ್ಲ, ಮೈನರಿನದ್ದೂ ಅಲ್ಲ, ನಡುವೆ ಎಲ್ಲೋ ಇರುತ್ತದೆ. ಪೂರ್ತಿ ಕಾರ್ಡ್ ಹಿಡಿದರೆ ಹಾಡುವವರು ಗೊತ್ತಿಲ್ಲದೆ ಅದರ ಕಡೆ ಜಾರುತ್ತಾರೆ, ಹಾಡಿನ ಬಣ್ಣವೇ ಹೋಗುತ್ತದೆ. ಸ, ಪ ಎರಡೇ ತಂತಿ ಮೀಟಿ.

ಬಡಿತದ ವಾದ್ಯ ಒಮ್ಮೆಗೆ ಎರಡು ಸಾಕು, ಕಹೋನನ್ನೂ ಸೇರಿಸಿ. ಚೆಂಡೆ ಬಯಲಿನ ವಾದ್ಯ. ಸಭಾಂಗಣದೊಳಗೆ ಹಾಡಿನ ಕೆಳಗೆ ಅದನ್ನು ಬಾರಿಸಬೇಡಿ, ಎರಡು ನುಡಿಗಳ ನಡುವೆ ಮಾತ್ರ ಬರಲಿ.

ಈಗ ನಿಮ್ಮ ಪ್ರಶ್ನೆ. ತೆಂಬರೆ ದೈವದ ಕೋಲ ಕಟ್ಟುವ ನಲಿಕೆ, ಪಂಬದ ಸಮುದಾಯದವರ ಕೈಯಲ್ಲಿದೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದರೆ ದೈವದ ನೇಮ, ಯಕ್ಷಗಾನ ಮೇಳ ಎಲ್ಲ ನಿಲ್ಲುತ್ತವೆ, ದೀಪಾವಳಿಯವರೆಗೆ ಕಲಾವಿದರಿಗೆ ಬಿಡುವು. ಅಭ್ಯಾಸಕ್ಕೆ ಆ ತಿಂಗಳುಗಳೇ ಒಳ್ಳೆಯದು. ಆದರೆ ಅದು ಮಳೆಗಾಲ, ಚರ್ಮ ತೇವ ಕುಡಿದು ಸಡಿಲಾಗಿ ‘ಟಂ’ ಅನ್ನಬೇಕಾದದ್ದು ‘ಡಬ್’ ಅನ್ನುತ್ತದೆ. ಹೊರಗಾದರೆ ಒಣ ಮಡಲು (ತೆಂಗಿನ ಗರಿ) ಉರಿಸಿ ಕಾಯಿಸುತ್ತಾರೆ. ಸಭಾಂಗಣದಲ್ಲಿ ಬೆಂಕಿ ಹಾಕುವ ಹಾಗಿಲ್ಲ, ಹೇರ್ ಡ್ರೈಯರನ್ನು ಒಂದಡಿ ದೂರದಲ್ಲಿ ಸುತ್ತ ಆಡಿಸುತ್ತಾ ಬಿಸಿ ಕೊಡಿ. ಒಂದೇ ಕಡೆ ಹಿಡಿದರೆ ಚರ್ಮ ಅಲ್ಲೇ ಬಿರಿಯುತ್ತದೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮತ್ತೆ ಸಡಿಲಾಗುವುದರಿಂದ ಬಡಿತದ ಹಾಡುಗಳನ್ನು ಮೊದಲಿಗೇ ಇಟ್ಟುಕೊಳ್ಳಿ.

ಕೋಲಕ್ಕೆ ಬಳಸುವ ತೆಂಬರೆಯನ್ನೇ ವೇದಿಕೆಗೆ ತನ್ನಿ ಅಂತ ಒತ್ತಾಯಿಸಬೇಡಿ, ಯಾವುದು ತರಬಹುದೆಂದು ಅವರೇ ಹೇಳಲಿ. ದೈವದ ಪಾಡ್ದನ (ದೈವದ ಕಥೆಯ ಹಾಡು), ನುಡಿಗಟ್ಟು (ಕೋಲದಲ್ಲಿ ಆಡುವ ಮಾತು) ಬ್ಯಾಂಡಿಗೆ ಬೇಡವೇ ಬೇಡ. ನೇಜಿ, ಮದುವೆ, ತೊಟ್ಟಿಲ ಹಾಡುಗಳೇ ಬೇಕಾದಷ್ಟಿವೆ. ಕೊರಗ ಸಮುದಾಯದವರ ಡೋಲು ಬೇಕೆನಿಸಿದರೆ ಇನ್ನೂ ಎಚ್ಚರ. ಅವರನ್ನು ಕರೆಸಿ ಡೋಲು ಬಡಿಸಿ ದೂರ ನಿಲ್ಲಿಸಿದ ಕಾಲವೊಂದಿತ್ತು, ಅವರನ್ನು ಹೀಗೆ ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬರಬೇಕಾಯಿತು. ಆರಂಭದ ಐದು ನಿಮಿಷದ ಸದ್ದಿಗೆ ಕರೆಯುವುದಾದರೆ ಕರೆಯಲೇಬೇಡಿ. ಪೋಸ್ಟರಿನಲ್ಲಿ ಹೆಸರು, ನಿಮ್ಮಷ್ಟೇ ಪಾಲು, ಅಭ್ಯಾಸದ ದಿನದ ಕೂಲಿ, ಕೊನೆಯ ಬಸ್ಸು ತಪ್ಪಿದರೆ ಮನೆ ಬಾಗಿಲವರೆಗೆ ಗಾಡಿ, ಇಷ್ಟೂ ಮೊದಲೇ ಮಾತಾಗಲಿ. ಹಾಡುವ ಅಕ್ಕನಿಗೂ ಹೀಗೆಯೇ.

ಗುಮಟೆ (ಮಣ್ಣಿನ ಮಡಕೆಗೆ ಚರ್ಮ ಕಟ್ಟಿದ ವಾದ್ಯ) ಕೇಳಬೇಕಿದ್ದರೆ ಹೋಳಿ ಹೊತ್ತಿಗೆ ಬಾರ್ಕೂರು ಕಡೆಯ ಕುಡುಬಿ ಸಮುದಾಯದವರ ಊರಿಗೆ ಹೋಗಿ. ಕೊಳ್ಳುವಾಗ ಆಡಿನ ಚರ್ಮದ್ದನ್ನೇ ಕೇಳಿ ತನ್ನಿ. ಉಡದ ಚರ್ಮದ್ದು ಎಷ್ಟು ಚೆನ್ನಾಗಿ ನುಡಿದರೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಬಾರಿಸುವವರೂ ಸಿಕ್ಕಿಬೀಳುತ್ತಾರೆ.