ಎಂಟಡಿಯ ಪೆನ್ಸಿಲ್: ಅಳತೆ ಸರಿಯಿದ್ದರೆ ಅರ್ಧ ಕೆಲಸ ಮುಗಿದಂತೆ

ಪ್ರಶ್ನೆ: ಶಾಲಾ ವಾರ್ಷಿಕೋತ್ಸವದ ವೇದಿಕೆಗೆ ಎಂಟಡಿ ಎತ್ತರದ ಪೆನ್ಸಿಲ್ ಮಾಡಬೇಕು. ಕಳೆದ ಬಾರಿ ರಟ್ಟಿನಲ್ಲಿ, ಒಂದಡಿ ದಪ್ಪಕ್ಕೆ ಮಾಡಿದ್ದೆವು. ನೋಡಿದವರು ಮೇಣದಬತ್ತಿಯೇ ಎಂದು ಕೇಳಿದರು. ರಾತ್ರಿ ಇಬ್ಬನಿಗೆ ಬಾಗಿಯೂ ಹೋಯಿತು. ಎಲ್ಲಿ ತಪ್ಪಿದೆವು?

ಮೊದಲ ತಪ್ಪು ಅಳತೆಯದು. ಸಾಮಾನ್ಯ ಪೆನ್ಸಿಲ್ ಸುಮಾರು 7 ಮಿ.ಮೀ. ದಪ್ಪ, 175 ಮಿ.ಮೀ. ಉದ್ದ. ಹೊಸ ಪೆನ್ಸಿಲನ್ನು ಎಂಟಡಿಗೆ ಹಿಗ್ಗಿಸಿದರೆ ದಪ್ಪ 10 ಸೆಂ.ಮೀ. ದಾಟುವುದಿಲ್ಲ, ದೂರಕ್ಕೆ ಕಡ್ಡಿಯಂತೆ ಕಾಣುತ್ತದೆ. ಬರೆದು 12 ಸೆಂ.ಮೀ.ಗೆ ಇಳಿದ ಪೆನ್ಸಿಲನ್ನು ಮಾದರಿಯಾಗಿಟ್ಟುಕೊಂಡು ಎಲ್ಲವನ್ನೂ 20 ಪಟ್ಟು ಮಾಡಿ. ಉದ್ದ 2.4 ಮೀಟರ್, ದಪ್ಪ 14 ಸೆಂ.ಮೀ. ಬರುತ್ತದೆ.

ಮೈಗೆ 6 ಮಿ.ಮೀ. ಪ್ಲೈವುಡ್ ಬಳಸಿ. 8×4 ಅಡಿ ಶೀಟಿನಲ್ಲಿ ಅರ್ಧ ಸಾಕು. 81 ಮಿ.ಮೀ. ಅಗಲ, 2.05 ಮೀಟರ್ ಉದ್ದದ ಆರು ಪಟ್ಟಿ ಕೊಯ್ಯಿಸಿ, ಉದ್ದನೆಯ ಎರಡೂ ಅಂಚನ್ನು ಹತ್ತರಿಯಿಂದ 30 ಡಿಗ್ರಿ ಓರೆ ಮಾಡಿಸಿ. ಓರೆ ಮಾಡದೆ ಜೋಡಿಸಹೊರಟರೆ ಒಳ ಅಂಚುಗಳು ಒಂದಕ್ಕೊಂದು ತಾಗಿ ಆರನೆಯ ಪಟ್ಟಿ ಕೂರುವುದೇ ಇಲ್ಲ. ಬಡಗಿ ಸಿಗದಿದ್ದರೆ ಪಟ್ಟಿಯನ್ನು 74 ಮಿ.ಮೀ.ಗೆ ಇಳಿಸಿ, ಹೊರಗೆ ಉಳಿಯುವ ಸಂದಿಗೆ ಮರದ ಹೊಟ್ಟು ಮತ್ತು ಫೆವಿಕಾಲ್ ಕಲಸಿ ತುಂಬಿ.

ಒಳಗೆ 12 ಮಿ.ಮೀ. ಪ್ಲೈನ ಐದು ಷಟ್ಕೋನ ಬಿಲ್ಲೆಗಳು ಬೇಕು. ಕೈವಾರದಲ್ಲಿ 74 ಮಿ.ಮೀ. ತ್ರಿಜ್ಯದ ವೃತ್ತ ಎಳೆದು, ಅದೇ ಅಳತೆಯಲ್ಲಿ ಸುತ್ತ ಆರು ಗುರುತು ಹಾಕಿ ಸೇರಿಸಿದರೆ ಷಟ್ಕೋನ ಸಿಗುತ್ತದೆ. ಬಿಲ್ಲೆಗಳನ್ನು ಸುಮಾರು 45 ಸೆಂ.ಮೀ.ಗೊಂದರಂತೆ ಇಟ್ಟು, ಪಟ್ಟಿಗಳನ್ನು ಅಂಟು ಮತ್ತು ಸಣ್ಣ ಮೊಳೆಯಿಂದ ಕೂರಿಸಿ. ಕೀಲುಗಳ ಮೇಲೆ ಹಳೆ ಪಂಚೆಯ ಪಟ್ಟಿ ಅಂಟಿಸಿದರೆ ಬಣ್ಣ ಒಣಗಿದ ಮೇಲೆ ಬಿರುಕು ಕಾಣದು.

ಇನ್ನು ತುದಿ. ಪೆನ್ಸಿಲ್ ಅನ್ನಿಸುವುದೂ ಮೇಣದಬತ್ತಿ ಅನ್ನಿಸುವುದೂ ಇಲ್ಲೇ. ಮೆಂಡರ್‌ನಲ್ಲಿ ಹೆರೆದ ಪೆನ್ಸಿಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಬಣ್ಣ ನೇರ ಗೆರೆಯಲ್ಲಿ ನಿಂತಿರುವುದಿಲ್ಲ. ಪ್ರತಿ ಮುಖದ ನಡುವೆ ನಾಲಗೆಯಂತೆ ಮೊನೆಯತ್ತ ಚಾಚಿ, ಏಣುಗಳಲ್ಲಿ ಹಿಂದೆ ಸರಿದಿರುತ್ತದೆ. 20 ಪಟ್ಟಿನಲ್ಲಿ ಈ ನಾಲಗೆಯ ಆಳ ಸುಮಾರು 53 ಮಿ.ಮೀ. ಒಂದು ರಟ್ಟಿನ ಅಚ್ಚು ಮಾಡಿಕೊಂಡು, ಜೋಡಿಸುವ ಮೊದಲೇ ಆರೂ ಪಟ್ಟಿಗಳ ಒಂದು ತುದಿಯನ್ನು ಹಾಗೆ ಕೊಯ್ಯಿರಿ.

ಶಂಕುವಿಗೆ ಫ್ರಿಜ್ ಅಥವಾ ಟಿ.ವಿ. ಬಂದ ರಟ್ಟು ಸಾಕು. 38 ಸೆಂ.ಮೀ. ತ್ರಿಜ್ಯದಲ್ಲಿ 72 ಡಿಗ್ರಿಯ, ಅಂದರೆ ವೃತ್ತದ ಐದನೇ ಒಂದು ಪಾಲಿನ, ತುಂಡು ಕತ್ತರಿಸಿ. ಅಂಟಿಸಲು ಒಂದು ಬದಿಗೆ 2 ಸೆಂ.ಮೀ. ಹೆಚ್ಚಿಗೆ ಬಿಡಿ. ಕೂಡುಮೂಲೆಯಿಂದ 10 ಸೆಂ.ಮೀ. ಕತ್ತರಿಸಿ ತೆಗೆದು ಸುರುಳಿ ಸುತ್ತಿದರೆ ಮೇಲೆ 4 ಸೆಂ.ಮೀ. ತೂತು ಉಳಿಯುತ್ತದೆ. ಸೀಸದ ಜಾಗಕ್ಕೆ ಅಷ್ಟೇ ದಪ್ಪದ ಹಳೆ ಲಟ್ಟಣಿಗೆಯನ್ನು ಚೂಪು ಮಾಡಿ ಕೂರಿಸಿ. ಕರಿಹಲಗೆಗೆ ಬಳಿಯುವ ಕಪ್ಪು ಬಣ್ಣ ಹಚ್ಚಿ, ಒಣಗಿದ ಮೇಲೆ ಮೆತ್ತನೆಯ 6ಬಿ ಪೆನ್ಸಿಲ್‌ನಿಂದ ಉಜ್ಜಿದರೆ ಸೀಸದ ನಿಜವಾದ ಹೊಳಪು ಬರುತ್ತದೆ.

ಪ್ಲೈ ಮತ್ತು ರಟ್ಟು ಸೇರುವಲ್ಲಿ ಉಳಿಯುವ ಮೆಟ್ಟಿಲಿಗೆ ನೆನೆಸಿ ರುಬ್ಬಿದ ಪತ್ರಿಕೆ ಕಾಗದ ತುಂಬಿ. ಶಂಕುವಿನ ಮೇಲೆ ಐದಾರು ಪದರ ಕಾಗದ ಅಂಟಿಸಿ, ಆದರೆ ಒಮ್ಮೆಗೆ ಎರಡೇ ಪದರ. ಒದ್ದೆ ಒಳಗೇ ಉಳಿದರೆ ಬೂಷ್ಟು ಹಿಡಿಯುತ್ತದೆ. ಮೈದಾ ಅಂಟಿಗೆ ಜಿರಳೆ, ಇಲಿ ಬರುತ್ತವೆ. ಅದನ್ನು ತಡೆಯಲು ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಮಕ್ಕಳು ಮುಟ್ಟುವ ವಸ್ತುವಿಗೆ ಖಂಡಿತ ಬೇಡ. ಫೆವಿಕಾಲನ್ನು ಸಮ ನೀರಿನಲ್ಲಿ ಕದಡಿ ಬಳಸಿ. ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಎನಾಮೆಲ್ ಎರಡು ಕೋಟ್ ಹಚ್ಚಿದರೆ ಇಬ್ಬನಿಯ ಭಯವಿಲ್ಲ.

ನಿಲ್ಲಿಸಲು 20 ಲೀಟರಿನ ಖಾಲಿ ಪೇಂಟ್ ಬಕೆಟ್ ಸಾಕು, ಪೆನ್ಸಿಲ್ ಸ್ಟ್ಯಾಂಡಿನಂತೆಯೂ ಕಾಣುತ್ತದೆ. ಆದರೆ ಬರೀ ಮರಳು ತುಂಬಿದರೆ ಸಾಲದು. ಒಂದು ಮಗು ಕೈಚಾಚಿ ಎಳೆದರೂ ಮಗುಚೀತು. ತಳಕ್ಕೆ ಮೂರಡಿಯ ಎರಡು ರೀಪುಗಳನ್ನು ಅಡ್ಡಡ್ಡ ಇಟ್ಟು ಬೋಲ್ಟ್ ಹಾಕಿ, ಆಮೇಲೆ ಮರಳು ತುಂಬಿ.

ಪ್ರಶ್ನೆ: ಹಿಂತುದಿಗೆ ರಬ್ಬರ್ ಇರುವ ಪೆನ್ಸಿಲ್ ಮಾಡಿ ಮಲಗಿಸಿಡಲು ಹೊರಟಿದ್ದೇವೆ. ಥರ್ಮಾಕೋಲ್ ರಬ್ಬರಿಗೆ ಬಣ್ಣ ಹಚ್ಚಿದರೆ ಗುಳಿಬಿದ್ದು ಕರಗಿತು.

ಎನಾಮೆಲ್‌ನಲ್ಲಿರುವ ಥಿನ್ನರ್ ಥರ್ಮಾಕೋಲನ್ನು ತಿನ್ನುತ್ತದೆ. ಫೆವಿಕಾಲ್‌ನಲ್ಲಿ ಎರಡು ಪದರ ಕಾಗದ ಅಂಟಿಸಿ, ಪೂರ್ತಿ ಒಣಗಿದ ಮೇಲೆ ನೀರಿನಲ್ಲಿ ಬೆರೆಯುವ ಬಣ್ಣ ಹಚ್ಚಿ. ಹಳೆ ಯೋಗ ಮ್ಯಾಟ್ ಇದ್ದರೆ ಇನ್ನೂ ಒಳ್ಳೆಯದು: 13 ಸೆಂ.ಮೀ. ವ್ಯಾಸದ ಬಿಲ್ಲೆಗಳನ್ನು ಕತ್ತರಿಸಿ ಒಂದರ ಮೇಲೊಂದು ಅಂಟಿಸಿ. 6 ಮಿ.ಮೀ. ಮ್ಯಾಟ್ ಆದರೆ 10 ಸೆಂ.ಮೀ. ಎತ್ತರಕ್ಕೆ 17 ಬಿಲ್ಲೆ ಬೇಕು. ಸುತ್ತಲಿನ ಲೋಹದ ಪಟ್ಟಿಗೆ ಎಣ್ಣೆ ಡಬ್ಬದ ತಗಡು ಸರಿಹೋಗುತ್ತದೆ, ಅಂಚನ್ನು ಒಳಕ್ಕೆ ಮಡಚಿ ಬಡಿಯುವುದನ್ನು ಮಾತ್ರ ಮರೆಯಬೇಡಿ.